ಬೆತ್ಲೆಹೆಮ್‌ನಿಂದ ಬೆತಬಾರಾಕ್ಕೆ: 1753ರ ಬಂಡಿದಾರಿ ನಕ್ಷೆಗೆ ಇಳಿಯುತ್ತಿದೆ

ಜೂನ್

ಮಳೆಗಾಲಕ್ಕೆಂದು ಎತ್ತಿಟ್ಟಿದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದ್ದೇನೆ. 1753ರ ಅಕ್ಟೋಬರ್ 8, ಸೋಮವಾರ, ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಊರಿನಿಂದ ಮೊರೇವಿಯನ್ ಸಹೋದರರ ತಂಡವೊಂದು ಬಂಡಿ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟಿತು. ನವೆಂಬರ್ 17, ಶನಿವಾರ ಸಂಜೆ, ಉತ್ತರ ಕೆರೊಲಿನಾದ ಕಾಡಿನಲ್ಲಿ ಯಾರೋ ಬಿಟ್ಟುಹೋಗಿದ್ದ ಗುಡಿಸಲೊಂದನ್ನು ಸೇರಿತು. ದಾರಿಯುದ್ದಕ್ಕೂ ಅವರು ದಿನಚರಿ ಬರೆದಿದ್ದಾರೆ. ಅದರಲ್ಲಿ ಬರುವ ಒಂದೊಂದು ತಂಗುದಾಣವನ್ನೂ ಇಂದಿನ ನಕ್ಷೆಯ ಮೇಲೆ ಗುರುತಿಸುವುದು ನಾನು ಹಮ್ಮಿಕೊಂಡಿರುವ ಕೆಲಸ. ಯಾರೂ ಕೇಳಿದ್ದಲ್ಲ, ಯಾರೂ ಇದಕ್ಕಾಗಿ ಕಾದು ಕುಳಿತಿಲ್ಲ.

ಮೊರೇವಿಯನ್ನರ ಪರಿಚಯ ಇಲ್ಲದವರಿಗೆ ಎರಡು ಮಾತು. ಯಾನ್ ಹುಸ್‌ನನ್ನು 1415ರಲ್ಲಿ ಸುಟ್ಟ ನಂತರ ಬೊಹೀಮಿಯಾ, ಮೊರೇವಿಯಾ ಪ್ರಾಂತಗಳಲ್ಲಿ ಅವನ ಅನುಯಾಯಿಗಳ ಪರಂಪರೆಯಲ್ಲಿ ಹುಟ್ಟಿದ ಸಣ್ಣ ಪಂಥ ಇದು. ಕಿರುಕುಳ ತಾಳಲಾರದೆ ಓಡಿಬಂದವರಿಗೆ 1722ರಲ್ಲಿ ಸ್ಯಾಕ್ಸನಿಯ ಕೌಂಟ್ ಝಿನ್ಸೆನ್‌ಡಾರ್ಫ್ ತನ್ನ ಜಮೀನಿನಲ್ಲಿ ನೆಲೆ ಕೊಟ್ಟ. ಆ ನೆಲೆಯೇ ಹೆರ್ನ್‌ಹುಟ್. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಂದ ಕುಂಬಾರ ಲಿಯೊನಾರ್ಡ್ ಡೋಬರ್ ಮತ್ತು ಬಡಗಿ ಡೇವಿಡ್ ನಿಚ್‌ಮನ್ ಕೆರಿಬಿಯನ್ನಿನ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು. ಮರುವರ್ಷ ಇನ್ನೊಂದು ತಂಡ ಗ್ರೀನ್‌ಲ್ಯಾಂಡಿಗೆ ಹೋಯಿತು. ಹೋದವರಲ್ಲಿ ಹೆಚ್ಚಿನವರು ಕೈಕಸುಬಿನವರು. ದೇವಶಾಸ್ತ್ರ ಓದಿದ ಪಂಡಿತರಲ್ಲ.

ನಾನು ಈ ಕಡೆ ಹೊರಳಿದ್ದು ಬಾಸೆಲ್ ಮಿಷನ್ನಿನ ದಾರಿಯಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದವರ ವರದಿಗಳನ್ನು, ಮೋಗ್ಲಿಂಗ್, ಕಿಟೆಲ್ ಮೊದಲಾದವರ ಬರವಣಿಗೆಯನ್ನು ಓದುವಾಗ ಒಂದು ಗುಮಾನಿ ಇತ್ತು: ಇವು ಊರಿನಲ್ಲಿರುವ ಭಕ್ತರು ಓದಲಿ ಎಂದೇ ಬರೆದವು. ಆ ಅಭ್ಯಾಸ ಜರ್ಮನ್ ಭಕ್ತಿಪಂಥದಲ್ಲಿ ಎಷ್ಟು ಹಿಂದಿನದು ಎಂದು ಕೆದಕುತ್ತ ಹೋದವನು ನೂರು ವರ್ಷ ಹಿಂದಕ್ಕೆ, ಹೆರ್ನ್‌ಹುಟ್ಟಿನ ಅಂಗಳಕ್ಕೆ ಬಂದು ನಿಂತೆ. ಅಲ್ಲಿ ಅದು ಬರೀ ಅಭ್ಯಾಸವಲ್ಲ, ಒಂದು ದೊಡ್ಡ ವ್ಯವಸ್ಥೆ. ಪ್ರತಿ ನೆಲೆಯೂ ದಿನಚರಿ ಇಡಬೇಕು, ಪ್ರಯಾಣ ಹೊರಟವರೂ ಇಡಬೇಕು. ಅವು ಹೆರ್ನ್‌ಹುಟ್ ಕಡೆಗೆ ಹೋಗುತ್ತವೆ, ಕೈಬರಹದಲ್ಲಿ ಪ್ರತಿಯಾಗುತ್ತವೆ, ಮತ್ತೆ ಊರೂರಿನ ಸಭೆಗಳಿಗೆ ಹಂಚಿಕೆಯಾಗುತ್ತವೆ. ಗೊತ್ತಾದ ದಿನ ಸಭೆಯವರೆಲ್ಲ ಕೂಡಿ ಅದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಾರೆ. ಗ್ರೀನ್‌ಲ್ಯಾಂಡಿನ ಸುದ್ದಿ ಪೆನ್ಸಿಲ್ವೇನಿಯಾಕ್ಕೆ, ಪೆನ್ಸಿಲ್ವೇನಿಯಾದ್ದು ಜರ್ಮನಿಯ ಹಳ್ಳಿಗೆ.

ಆದ್ದರಿಂದ ಈ ದಿನಚರಿಗಳಲ್ಲಿ ಒಬ್ಬನ ಅಂತರಂಗ ಹುಡುಕುವವರಿಗೆ ನಿರಾಶೆ ಖಚಿತ. ಇಲ್ಲಿ ‘ನಾನು’ ಅಪರೂಪ, ‘ನಾವು’ ಧಾರಾಳ. ಜಗಳ ಇಲ್ಲವೇ ಇಲ್ಲ ಎನ್ನಿಸುತ್ತದೆ. ಆರು ವಾರ ಒಂದೇ ಗುಡಾರದಲ್ಲಿ ಮಲಗಿದ ಗಂಡಸರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಜುಲೈ ಮೊದಲ ಭಾಗ

ತಂಡದ ಪಟ್ಟಿ ಮಾಡಿ ಮುಗಿಯಿತು. ನೆಲೆಸಲು ಹೊರಟವರು ಹನ್ನೆರಡು ಮಂದಿ, ದಾರಿಗೆ ಜೊತೆಯಾಗಿ ಹೋಗಿ ಹಿಂತಿರುಗಬೇಕಾದವರು ಮೂವರು. ಡೆಲವೇರ್ ಎಂಬ ಮೂಲನಿವಾಸಿ ಜನರ ನಡುವೆ ಕೆಲಸ ಮಾಡಿದ್ದ ಬರ್ನ್‌ಹಾರ್ಡ್ ಆಡಮ್ ಗ್ರೂಬ ಇವರ ಪಾದ್ರಿ. ನಾರ್ವೆಯ ಹಾನ್ಸ್ ಮಾರ್ಟಿನ್ ಕಾಲ್ಬರ್‌ಲಾನ್ ವೈದ್ಯ. ಉಳಿದವರಲ್ಲಿ ಬೇಕರಿಯವನು, ದರ್ಜಿ, ಬಡಗಿ, ತೋಟಗಾರ, ಗಿರಣಿಯವನು, ಚಪ್ಪಲಿ ಹೊಲಿಯುವವನು. ಒಂದು ಊರು ನಡೆಯಲು ಏನೇನು ಬೇಕೋ ಅದನ್ನು ಎಣಿಸಿ ಆರಿಸಿದ ಪಟ್ಟಿ. ಹೆಂಗಸರು ಮಾತ್ರ ಒಬ್ಬರೂ ಇಲ್ಲ. ಬೆತ್ಲೆಹೆಮ್‌ನಲ್ಲಿ ಮದುವೆಯಾಗದ ಗಂಡಸರಿಗೆ ಬೇರೆಯೇ ವಸತಿ, ಬೇರೆಯೇ ಗುಂಪು ಇತ್ತು. ಈ ತಂಡ ಅಲ್ಲಿಂದಲೇ ಬಂದದ್ದು.

ಇಂಗ್ಲಿಷ್ ಅನುವಾದಗಳು ಹಳೆಯವು, ಸುಲಭವಾಗಿ ಸಿಗುತ್ತವೆ. ವಿನ್‌ಸ್ಟನ್-ಸೇಲಂನಲ್ಲಿ ಮೊರೇವಿಯನ್ ಕಡತಗಳನ್ನು ನೋಡಿಕೊಳ್ಳುತ್ತಿದ್ದ ಅಡಿಲೇಡ್ ಫ್ರೀಸ್ 1922ರಿಂದ ಉತ್ತರ ಕೆರೊಲಿನಾದ ದಾಖಲೆಗಳನ್ನು ಸಂಪುಟ ಸಂಪುಟವಾಗಿ ಅನುವಾದಿಸಿ ಹೊರತಂದರು. ನಕ್ಷೆಯ ಕೆಲಸಕ್ಕೆ ಅಷ್ಟೇ ಸಾಕು. ಆದರೂ ಸಂಜೆ ಹೊತ್ತು ಆ ಕಾಲದ ಜರ್ಮನ್ ಕೈಬರಹವಾದ ಕುರೆಂಟ್ ಲಿಪಿಯನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಅದರ ಕಾಟ ಹೇಳತೀರದು. ಚಿಕ್ಕ ‘ಇ’ ಅಕ್ಷರ ನೋಡಲು ‘ಎನ್’ ಥರವೇ ಎರಡು ಚೂಪು ಕಡ್ಡಿ. ‘ಯು’ ಕೂಡ ಹಾಗೆಯೇ, ಅದನ್ನು ‘ಎನ್’ನಿಂದ ಬೇರೆ ಮಾಡಲು ತಲೆಯ ಮೇಲೊಂದು ಕೊಂಕು ಹಾಕುತ್ತಾರೆ. ಅವಸರದಲ್ಲಿ ಬರೆದವನು ಕೊಂಕು ಮರೆತರೆ ಇಡೀ ಪದ ಬರೀ ಕಡ್ಡಿಗಳ ಸಾಲು. ವ್ಯಕ್ತಿಗಳ, ಊರುಗಳ ಹೆಸರನ್ನು ಮಾತ್ರ ಬಹಳ ಮಂದಿ ದುಂಡನೆಯ ಲ್ಯಾಟಿನ್ ಅಕ್ಷರದಲ್ಲಿ ಬರೆಯುತ್ತಿದ್ದರು. ನಕ್ಷೆಗೆ ಬೇಕಾದದ್ದೂ ಅವೇ ಆದ್ದರಿಂದ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ.

ಜುಲೈ ಕೊನೆ

ತಳದ ನಕ್ಷೆ ಸಿದ್ಧವಾಯಿತು. ಜೋಶುವಾ ಫ್ರೈ ಮತ್ತು ಪೀಟರ್ ಜೆಫರ್ಸನ್ (ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನ ತಂದೆ) 1751ರಲ್ಲಿ ರಚಿಸಿದ ವರ್ಜೀನಿಯಾ ನಕ್ಷೆಯ ನಂತರದ ಆವೃತ್ತಿಯಲ್ಲಿ ನನಗೆ ಬೇಕಾದ ದಾರಿ ಬರೆದೇ ಇದೆ: ಯಾಡ್ಕಿನ್ ನದಿಯಿಂದ ವರ್ಜೀನಿಯಾ ಹಾಯ್ದು ಫಿಲಡೆಲ್ಫಿಯಾಕ್ಕೆ ಹೋಗುವ ಮಹಾ ಬಂಡಿದಾರಿ, ದೂರ 435 ಮೈಲಿ. ಈ ದಾರಿ ಬಿಳಿಯರು ಕಡಿದು ಮಾಡಿದ್ದಲ್ಲ. ಇರೊಕ್ವಾ ಮೊದಲಾದ ಮೂಲನಿವಾಸಿ ಜನ ಉತ್ತರ ದಕ್ಷಿಣವಾಗಿ ಓಡಾಡುತ್ತಿದ್ದ ಕಾಲುದಾರಿ ಅದು. ಇರೊಕ್ವಾ ಜನರಿಗೂ ಇಂಗ್ಲಿಷ್ ವಸಾಹತುಗಳಿಗೂ ಆದ 1744ರ ಲ್ಯಾಂಕಾಸ್ಟರ್ ಒಪ್ಪಂದದ ನಂತರ ವಲಸೆಗಾರರ ಬಂಡಿಗಳು ಅದರ ಮೇಲೆ ಹರಿದವು. ಇವತ್ತು ಅಲ್ಲಿ ಬಹುಪಾಲು ರೂಟ್ 11, ಪಕ್ಕದಲ್ಲೇ ಹೆದ್ದಾರಿ 81.

ಹಳೆಯ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ಭೂಪಟದ ಮೇಲೆ ಹೊಂದಿಸುವಾಗ ಊರುಗಳನ್ನು ನಂಬದೆ ನದಿ ಸಂಗಮಗಳನ್ನು ಹಿಡಿದೆ. ಶೆನಂಡೋವಾ ನದಿ ಪೊಟೊಮಾಕ್ ಸೇರುವ ಹಾರ್ಪರ್ಸ್ ಫೆರಿಯಂಥ ಜಾಗಗಳು ಬಂಡೆಯ ನಡುವೆ ಕೊರೆದು ಕುಳಿತಿವೆ, ಅಲುಗುವುದಿಲ್ಲ. ಬೆಟ್ಟ ದಾಟಿ ಪಶ್ಚಿಮಕ್ಕೆ ಹೋದಷ್ಟೂ ಹಳೆಯ ನಕ್ಷೆ ಸೊಟ್ಟಗಾಗುತ್ತದೆ, ಅಲ್ಲಿ ಬಿಂದುಗಳನ್ನು ಒತ್ತಾಗಿ ಹಾಕಬೇಕಾಯಿತು.

ದಿನಚರಿಯ ಮೈಲಿಗಳು ಇಂಗ್ಲಿಷ್ ಮೈಲಿಗಳು. ಜರ್ಮನ್ ಮೈಲಿ ಸುಮಾರು 7.5 ಕಿಲೋಮೀಟರ್, ಆ ಲೆಕ್ಕ ಹಿಡಿದರೆ ಬಂಡಿಯ ಕುದುರೆಗಳಿಗೆ ರೆಕ್ಕೆ ಬರಬೇಕು. ಒಟ್ಟು ದಾರಿಯನ್ನು ದಿನಗಳಿಗೆ ಹಂಚಿದರೆ ದಿನಕ್ಕೆ ಹತ್ತು, ಹನ್ನೊಂದು ಮೈಲಿಯ ಸರಾಸರಿ ಬರುತ್ತದೆ. ಕ್ಯಾಲೆಂಡರ್ ಕಾಟವೂ ಇಲ್ಲ, ಇಂಗ್ಲಿಷ್ ವಸಾಹತುಗಳು ಹಿಂದಿನ ವರ್ಷವೇ ಹೊಸ ಪಂಚಾಂಗಕ್ಕೆ ಬದಲಾಗಿದ್ದವು.

ಆಗಸ್ಟ್

ಚುಕ್ಕೆಗಳು ಬೀಳುತ್ತಿವೆ. ಮೂರು ಬಣ್ಣ ಇಟ್ಟುಕೊಂಡಿದ್ದೇನೆ: ಗಟ್ಟಿ, ಸುಮಾರು, ಊಹೆ. ವಿಂಚೆಸ್ಟರ್ ಗಟ್ಟಿ. ಈಗಿನ ಸ್ಟಾಂಟನ್ ಊರಾದ ಆಗಸ್ಟಾ ಕೋರ್ಟ್ ಹೌಸ್ ಗಟ್ಟಿ. ಸುತ್ತ ಬೆಟ್ಟ, ನಡುವೆ ಇಪ್ಪತ್ತರಷ್ಟು ಮನೆಗಳ ಪುಟ್ಟ ಪೇಟೆ ಎಂದು ದಿನಚರಿ ಹೇಳುತ್ತದೆ. ಜೇಮ್ಸ್ ನದಿಯ ಬಳಿ ಲೂನಿಯ ಗಿರಣಿಯೂ ಗಟ್ಟಿ. ರೋನೋಕ್ ದಾಟಿದ ಮೇಲೆ ಎಲ್ಲವೂ ಊಹೆಯ ಬಣ್ಣಕ್ಕೆ ತಿರುಗುತ್ತದೆ.

ನಕ್ಷೆಗಾಗಿ ಓದಿದಾಗ ಕಂಡದ್ದು ಬೇರೆಯೇ. ಭಕ್ತಿಯ ಬರಹವೆಂದು ಓದಿದವರು ದಾಟಿಸಿಬಿಡುವ ಸಾಲುಗಳೇ ಇಲ್ಲಿ ಜೀವಾಳ: ಎಲ್ಲಿ ಹಳ್ಳ, ಎಲ್ಲಿ ನೀರಿಲ್ಲ, ಯಾರ ಗಿರಣಿಯಲ್ಲಿ ಓಟ್ಸ್ ಸಿಕ್ಕಿತು, ಹುಲ್ಲು ಎಲ್ಲಿ ಕೊಂಡರು, ಯಾವ ಮನೆಯವನು ಜರ್ಮನ್, ಯಾರು ಐರಿಷ್. ಸಭೆಯಲ್ಲಿ ಕುಳಿತು ಕೇಳುವವರಿಗೆ ಕುದುರೆಯ ಮೇವಿನಿಂದ ಏನಾಗಬೇಕು? ಮುಂದಿನ ವರ್ಷ ಅದೇ ದಾರಿಯಲ್ಲಿ ಬರುವ ತಂಡಕ್ಕೆ ಮಾತ್ರ ಆಗುವುದು ಬಹಳ. ಭಕ್ತರಿಗೆ ಓದಿಸಲು ಬರೆದ ದಿನಚರಿ, ಹಿಂದೆ ಬರುವ ಬಂಡಿಯವನಿಗೆ ದಾರಿ ಹೇಳುವ ಪುಸ್ತಕವೂ ಹೌದು. ಈ ಎರಡನೆಯ ಓದುಗನನ್ನು ಇದುವರೆಗೆ ನಾವು ಲೆಕ್ಕಕ್ಕೆ ಹಿಡಿದದ್ದು ಕಡಿಮೆ.

ಬ್ಲೂ ರಿಜ್ ಬೆಟ್ಟಸಾಲು ಇಳಿಯುವ ದಿನದ ಬರಹ ನೋಡಿ. ಹತ್ತುವಾಗ ಎಲ್ಲರೂ ಬಂಡಿಗೆ ಹೆಗಲು ಕೊಟ್ಟು ನೂಕಿದ್ದಾಯಿತು. ಇಳಿಯುವಾಗ ಚಕ್ರಗಳನ್ನು ಬಿಗಿದು, ಬಂಡಿಯ ಹಿಂದಕ್ಕೆ ಕಡಿದ ಮರವೊಂದನ್ನು ಕಟ್ಟಿ, ಅದನ್ನು ಸಹೋದರರು ಹಿಡಿದು ಜಗ್ಗಿದರು. ಅಷ್ಟಾದರೂ ಬಂಡಿ ನಿಲ್ಲದೆ ಧಾವಿಸಿತು. ಎತ್ತರದ ಪದರ ಹಾಕಿ ನೋಡಿದರೆ ಮ್ಯಾಗಟಿ ಹಳ್ಳದ ಕಡೆ ದಾರಿ ಸರಕ್ಕನೆ ಕೆಳಗಿಳಿಯುವ ತುಂಡೊಂದು ಕಾಣುತ್ತದೆ. ಚುಕ್ಕೆ ಅಲ್ಲೇ ಇಟ್ಟಿದ್ದೇನೆ, ‘ಸುಮಾರು’ ಬಣ್ಣದಲ್ಲಿ.

ಗಣೇಶನ ಹಬ್ಬದ ರಜೆ

ಕೊನೆಯ ಚುಕ್ಕೆಗೆ ಬಂದೆ. ನವೆಂಬರ್ 17. ಹೊಸದಾಗಿ ಕಡಿದ ರಸ್ತೆಯಲ್ಲಿ ಮೂರು ಮೈಲಿ ಹೋಗಿ, ಎಡಕ್ಕೆ ಹೊರಳಿ, ಇನ್ನೆರಡೂವರೆ ಮೈಲಿ ತಾವೇ ಮರ ಕಡಿಯುತ್ತ ದಾರಿ ಮಾಡಿಕೊಂಡು ಗುಡಿಸಲು ತಲುಪಿದರು. ಹಾನ್ಸ್ ವಾಗ್ನರ್ ಎಂಬವನು ಬಿಟ್ಟುಹೋದ ಗುಡಿಸಲು. ಗೋಡೆಗುಂಟ ಎಲ್ಲರೂ ಮಲಗಿದರೆ ಸರಿಹೋಗುವಷ್ಟು ಜಾಗ. ತಂಡದಲ್ಲಿದ್ದ ಗಾಟ್‌ಲೋಬ್ ಮಾತ್ರ ಉಳಿದವರ ತಲೆಯ ಮೇಲೆ ತನ್ನ ತೂಗುಹಾಸಿಗೆ ಕಟ್ಟಿಕೊಂಡರು. ಮೊರೇವಿಯನ್ನರಿಗೆ ಪ್ರತಿ ದಿನಕ್ಕೂ ಒಂದು ವಚನ ಮೊದಲೇ ಗೊತ್ತುಮಾಡಿ ಅಚ್ಚಾಗಿರುತ್ತದೆ, 1731ರಿಂದ ಇವತ್ತಿನವರೆಗೂ ಈ ಪದ್ಧತಿ ಇದೆ. ಅಂದಿನ ವಚನ, ನೀನು ಮರುಭೂಮಿಯಲ್ಲಿದ್ದರೂ ನಿನ್ನ ನೆಲೆ ನನಗೆ ಗೊತ್ತು ಎಂಬ ಅರ್ಥದ್ದು. ಕೂಡಲೇ ಪ್ರೀತಿಭೋಜನ, ಅಂದರೆ ಹಾಡು ಪ್ರಾರ್ಥನೆಯೊಡನೆ ಎಲ್ಲರೂ ಕೂಡಿ ಉಣ್ಣುವ ಸರಳ ಊಟ, ನಡೆಸಿದರು, ಆ ಸಂದರ್ಭಕ್ಕೆಂದೇ ಕಟ್ಟಿದ ಹಾಡು ಹಾಡಿದರು. ಹೊರಗೆ ತೋಳಗಳು ಊಳಿಡುತ್ತಿದ್ದವು. ಇಲ್ಲಿ ಸಭೆಯ ಕೇಳುಗರು ಬರೆಯುವವನ ಮನಸ್ಸಿನಲ್ಲಿ ಕುಳಿತಿದ್ದಾರೆ ಎಂಬುದು ಸ್ಪಷ್ಟ. ಎರಡೂವರೆ ಮೈಲಿ ಬೆತ್ಲೆಹೆಮ್‌ನ ಬಂಡಿಯವನಿಗೆ, ತೋಳದ ಕೂಗು ಹೆರ್ನ್‌ಹುಟ್ಟಿನ ಅಜ್ಜಿಯಂದಿರಿಗೆ.

ಆ ಜಾಗವೇ ಬೆತಬಾರಾ. ಈಗ ವಿನ್‌ಸ್ಟನ್-ಸೇಲಂ ನಗರದ ಒಳಗೆ ಉದ್ಯಾನವಾಗಿದೆ. ಈ ಚುಕ್ಕೆ ಗಟ್ಟಿಗಿಂತ ಗಟ್ಟಿ. ಕಾಲ್ಬರ್‌ಲಾನ್ ಅಲ್ಲಿ ದೂರದೂರದಿಂದ ಬರುವ ರೋಗಿಗಳನ್ನು ನೋಡುತ್ತ ಹೆಸರಾದರು, 1759ರಲ್ಲಿ ಹಬ್ಬಿದ ಜ್ವರಕ್ಕೆ ತಾವೇ ಬಲಿಯಾದರು.

ದಿನಚರಿಯ ‘ನಾವು’ ಯಾರನ್ನು ಒಳಗೊಂಡಿಲ್ಲ ಎಂಬುದನ್ನೂ ಟಿಪ್ಪಣಿಯ ಪದರದಲ್ಲಿ ದಾಖಲಿಸುತ್ತಿದ್ದೇನೆ. ದಾರಿ ಯಾರದ್ದಾಗಿತ್ತೋ ಆ ಜನ ಈ ಪುಟಗಳಲ್ಲಿ ಕಾಣುವುದೇ ವಿರಳ. ಸೇಂಟ್ ಥಾಮಸ್‌ನಲ್ಲಿ ಗುಲಾಮರಿಗೆ ಬೋಧಿಸಲು ಹೋದ ಇದೇ ಮಿಷನ್ ಕೆಲವೇ ವರ್ಷಗಳಲ್ಲಿ ಗುಲಾಮರ ಸಮೇತ ತೋಟ ಕೊಂಡಿತು. ಉತ್ತರ ಕೆರೊಲಿನಾದ ಚರ್ಚು 1769ರಲ್ಲಿ ಸ್ಯಾಮ್ ಎಂಬ ಮನುಷ್ಯನನ್ನು ಕೊಂಡಿತು. ಆ ಪ್ರೀತಿಭೋಜನದ ಹಾಡು ಕೇಳಿ ಮನಸ್ಸು ಕರಗಿಸಿಕೊಳ್ಳುವವರು ಇದನ್ನೂ ಓದಬೇಕು.

ಅಕ್ಟೋಬರ್

ಎರಡನೆಯ ಗೆರೆ ಶುರು. ಮೊರೇವಿಯನ್ ಬೋಧಕ ಲಿಯೊನಾರ್ಡ್ ಷ್ನೆಲ್ 1743ರಲ್ಲಿ ರಾಬರ್ಟ್ ಹಸ್ಸಿ ಜೊತೆ ಬೆತ್ಲೆಹೆಮ್‌ನಿಂದ ಜಾರ್ಜಿಯಾಕ್ಕೆ ನಡೆದೇ ಹೋದವರು. 1749ರಲ್ಲಿ ಬ್ರಾಂಡ್‌ಮ್ಯುಲರ್ ಜೊತೆ ಅಲಿಘೆನಿ ಬೆಟ್ಟಗಳ ಒಳಕ್ಕೆ ಹೋದರು. ವರ್ಜೀನಿಯಾದ ಗವರ್ನರ್ ಗೂಚ್ 1747ರಲ್ಲೇ ಮೊರೇವಿಯನ್ನರ ಸಂಚಾರಿ ಬೋಧನೆಯ ವಿರುದ್ಧ ಘೋಷಣೆ ಹೊರಡಿಸಿದ್ದರಿಂದ ಇವರನ್ನು ಅನುಮಾನದಿಂದ ನೋಡುವವರೇ ಹೆಚ್ಚು. ಬೆಟ್ಟದ ಮನೆಗಳಲ್ಲಿ ಕರಡಿ ಮಾಂಸಕ್ಕೆ ಬರವಿಲ್ಲ, ರೊಟ್ಟಿ ಇಲ್ಲ, ಬಟ್ಟೆ ಜಿಂಕೆ ಚರ್ಮದ್ದು, ರಾತ್ರಿ ಬೆಂಕಿಯ ಸುತ್ತ ಕರಡಿ ಚರ್ಮದ ಮೇಲೆ ಎಲ್ಲರೊಂದಿಗೆ ಮಲಗಬೇಕು ಎಂದು ಷ್ನೆಲ್ ಬರೆಯುತ್ತಾರೆ. ಓದಲು ಚೆಂದ, ನಕ್ಷೆಗೆ ಕಷ್ಟ. ಬಂಡಿ ಇಲ್ಲದವನು ಎಲ್ಲಿ ಬೇಕಾದರೂ ಹಳ್ಳಕ್ಕೆ ಇಳಿಯಬಹುದು.

ಸದ್ಯ ಇದನ್ನು ಪಕ್ಕಕ್ಕಿಟ್ಟು ಮೂರನೆಯದನ್ನು ತೆರೆದಿದ್ದೇನೆ: ಮೊರೇವಿಯನ್ನರ ಬಿಷಪ್ ಸ್ಪಾಂಗೆನ್‌ಬರ್ಗ್ 1752ರಲ್ಲಿ ಜಮೀನು ಹುಡುಕುತ್ತ ಹೋದ ದಿನಚರಿ. ಆ ಸೀಮೆಯ ಭೂಮಾಲೀಕ ಲಾರ್ಡ್ ಗ್ರ್ಯಾನ್‌ವಿಲ್‌ನಿಂದ ಕೊಳ್ಳಬೇಕಿದ್ದ ಸುಮಾರು ಒಂದು ಲಕ್ಷ ಎಕರೆ ಎಲ್ಲಿ ಎಂದು ಆರಿಸುವ ಹೊಣೆ ಅವರದು. ಸರ್ವೇಯರ್ ಚರ್ಟನ್ ಜೊತೆಗಿದ್ದರು. ಎಡೆಂಟನ್ನಿನಲ್ಲಿ ಜ್ವರ ಹಿಡಿಯಿತು, ಕಟಾಬಾ ನದಿ ಹಿಡಿದು ಪಶ್ಚಿಮಕ್ಕೆ ಹೋದರು. ದಾರಿ ತೋರುತ್ತೇನೆಂದು ಬಂದ ಬೇಟೆಗಾರ ಬ್ಲೂ ರಿಜ್ ಬೆಟ್ಟದ ಬುಡದಲ್ಲಿ ದಾರಿ ತಪ್ಪಿಸಿದ. ಕುದುರೆಗಳ ಬೆನ್ನಿನಿಂದ ಹೊರೆ ಇಳಿಸಿ, ಅದನ್ನು ತಾವೇ ಎಳೆಯುತ್ತ, ಅಂಗೈ ಮೊಣಕಾಲು ಊರಿ ಹತ್ತಿದರು. ಕುದುರೆಗಳು ಎಲೆಯಂತೆ ನಡುಗುತ್ತಿದ್ದವಂತೆ. ಮೇಲೆ ಹತ್ತಿ ನೋಡಿದರೆ ಮುಂದೆ ಮತ್ತೆ ಬೆಟ್ಟಗಳೇ. ಆಮೇಲೆ ಹಿಮ ಬಿತ್ತು. ಯಾಡ್ಕಿನ್ ಕಡೆ ಇಳಿಯಬೇಕಿದ್ದವರು ನ್ಯೂ ರಿವರ್ ಮೂಲಕ್ಕೆ, ಅಂದರೆ ಕೊನೆಗೆ ಮಿಸಿಸಿಪ್ಪಿ ಸೇರುವ ನೀರಿನ ಕಡೆಗೆ, ಇಳಿದಿದ್ದರು. ಅಲ್ಲಿಂದ ಹೊರಬಂದು ಮಡ್ಡಿ ಕ್ರೀಕ್ ಬಳಿಯ ನೆಲ ಆರಿಸಿದರು. ಅದಕ್ಕೆ ಝಿನ್ಸೆನ್‌ಡಾರ್ಫ್ ಮನೆತನದ ಆಸ್ಟ್ರಿಯಾದ ಜಮೀನಿನ ನೆನಪಿಗೆ ವಾಖಾವ್ ಎಂದು ಹೆಸರಿಟ್ಟರು. ಮರುವರ್ಷ ಬಂಡಿ ಹೊರಟದ್ದು ಆ ನೆಲಕ್ಕೇ.

ಇಲ್ಲಿ ಊರಿಲ್ಲ, ಗಿರಣಿಯಿಲ್ಲ, ನೆಚ್ಚಬಹುದಾದ್ದು ನೀರು ಹರಿಯುವ ದಿಕ್ಕು ಒಂದೇ. ಜಲಾನಯನದ ಗೆರೆ ಎಳೆದಾಗಿದೆ. ಇಂದಿನ ಬೂನ್ ಪಟ್ಟಣದ ಆಸುಪಾಸಿನಲ್ಲಿ ಅವರು ಆ ಗೆರೆ ದಾಟಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹೊರೆ ಇಳಿಸಿ ಏರಬೇಕಾದಷ್ಟು ಕಡಿದಾದ, ಆದರೂ ಕುದುರೆ ಸಾಯದೆ ಹತ್ತಬಲ್ಲ ಇಳಿಜಾರುಗಳನ್ನು ಮಾತ್ರ ಬೇರ್ಪಡಿಸುತ್ತಿದ್ದೇನೆ. ಆ ಭಾಗದ ಎತ್ತರದ ದತ್ತಾಂಶ ಇನ್ನೂ ಇಳಿಯುತ್ತಿದೆ, ದೀಪಾವಳಿಯೊಳಗೆ ಮೊದಲ ಗೆರೆ ಹಾಕಬಹುದು.