ಸುಲಭ ಅಂತ ಕಡೆಗಿಟ್ಟ ಅಧ್ಯಾಯ: ಸಿಬ್ಬಂದಿ ಮತ್ತು ಅಭಿಪ್ರೇರಣೆ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಹುಡುಗರು ಹೆದರುವುದು ಹಣಕಾಸು ಮಾರುಕಟ್ಟೆಗೆ. ಸಿಬ್ಬಂದಿ, ನಿರ್ದೇಶನ (ಅಭಿಪ್ರೇರಣೆ, ಅಂದರೆ ದುಡಿಯುವ ಹುಮ್ಮಸ್ಸು ಹುಟ್ಟಿಸುವುದು, ಇದರಲ್ಲೇ ಬರುತ್ತದೆ) ಈ ಎರಡನ್ನೂ ‘ಅದರಾಗೇನೈತ್ರಿ ಸರ್, ಒಮ್ಮೆ ಓದಿದ್ರ ಆತು’ ಅಂತ ಕಡೆಯ ವಾರಕ್ಕೆ ತಳ್ಳುತ್ತಾರೆ. ಉತ್ತರಪತ್ರಿಕೆ ತಿದ್ದಲು ಕೂತರೆ ಕಾಣುವುದು ಬೇರೆಯೇ. ಹೆದರಿದ ಅಧ್ಯಾಯಕ್ಕೆ ಅಳೆದು ತೂಗಿ ಬರೆದಿರುತ್ತಾರೆ. ಮನುಷ್ಯನ ಅಗತ್ಯಗಳು ಮೆಟ್ಟಿಲು ಮೆಟ್ಟಿಲಾಗಿವೆ ಎಂಬ ಮಾಸ್ಲೋ ಸಿದ್ಧಾಂತದ ಪ್ರಶ್ನೆಗೆ ಎರಡು ಪುಟ ತುಂಬಿಸಿ ಅರ್ಧದಷ್ಟು ಅಂಕ ಕಳೆದುಕೊಂಡಿರುತ್ತಾರೆ. ಪಗಾರ, ಬಡ್ತಿ, ಬೋನಸ್, ತರಬೇತಿ ಎಲ್ಲ ಮನೆಯಲ್ಲಿ ದಿನಾ ಕೇಳುವ ಮಾತು. ಮನೆಮಾತಿನಲ್ಲಿ ಇವುಗಳ ಗಡಿ ಸಡಿಲ. ಪರೀಕ್ಷೆಯಲ್ಲಿ ಅಂಕ ಇರುವುದು ಆ ಗಡಿಯ ಮೇಲೆಯೇ.

ಸಿಬ್ಬಂದಿ ಪ್ರಕ್ರಿಯೆಯ ಮೊದಲ ಹಂತದಿಂದಲೇ ನೋಡಿ. ಮಾನವಶಕ್ತಿಯ ಅಂದಾಜಿಗೆ ಎರಡು ವಿಶ್ಲೇಷಣೆ ಬೇಕು: ಎಷ್ಟು ಜನ ಬೇಕು ಅನ್ನುವುದು ಕೆಲಸದ ಹೊರೆಯ ವಿಶ್ಲೇಷಣೆ, ಎಷ್ಟು ಜನ ಇದ್ದಾರೆ ಅನ್ನುವುದು ಕೆಲಸಗಾರರ ಬಲದ ವಿಶ್ಲೇಷಣೆ. ವ್ಯಾಖ್ಯೆ ಉರು ಹೊಡೆದವರು ಎರಡನ್ನೂ ಅದಲುಬದಲು ಮಾಡುತ್ತಾರೆ. ಬಸ್ ಡಿಪೋ ಇಟ್ಟುಕೊಂಡು ಲೆಕ್ಕ ಹಾಕಿದವರು ಮಾಡುವುದಿಲ್ಲ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇರುವಾಗ ಉದಾಹರಣೆಗೆ ದೂರ ಹೋಗಬೇಕಿಲ್ಲ. ಒಂದು ಡಿಪೋದಿಂದ ದಿನಕ್ಕೆ 60 ಶೆಡ್ಯೂಲ್ (ಬಸ್ಸಿನ ನಿಗದಿತ ಓಟ) ಹೊರಡುತ್ತವೆ, ಪ್ರತಿ ಶೆಡ್ಯೂಲಿಗೆ ಒಬ್ಬ ಡ್ರೈವರ್ ಅಂತ ಇಟ್ಟುಕೊಳ್ಳಿ. 60 ಜನ ಸಾಕು ಅಂದರೆ ಲೆಕ್ಕ ಅಲ್ಲೇ ತಪ್ಪಿತು. ಬಸ್ಸು ಏಳು ದಿನ ಓಡುತ್ತದೆ, ಮನುಷ್ಯ ಆರು ದಿನ ದುಡಿಯುತ್ತಾನೆ; 60×7÷6 ಅಂದರೆ 70 ಜನ ಬೇಕು. ರಜೆ, ಕಾಯಿಲೆಗೆಂದು ಶೇ 10 ಮೀಸಲು ಸೇರಿಸಿದರೆ 77. ಇದು ಹೊರೆ. ಹಾಜರಿ ಪುಸ್ತಕದಲ್ಲಿ 72 ಹೆಸರಿವೆ, ಈ ವರ್ಷ ಇಬ್ಬರು ನಿವೃತ್ತರಾಗುತ್ತಾರೆ, ಉಳಿಯುವುದು 70. ಇದು ಬಲ. ಕೊರತೆ 7. ನೇಮಕಾತಿಯ ಪ್ರಕಟಣೆ ಹೊರಡಬೇಕಾದ್ದು ಈ ಏಳು ಹುದ್ದೆಗೆ. ನಾಲ್ಕು ಸಾಲಿನ ಈ ಲೆಕ್ಕ ಬರೆದರೆ ವ್ಯತ್ಯಾಸ ತಾನಾಗಿಯೇ ಬಂತು.

ಈ ಎರಡೂ ಅಧ್ಯಾಯಗಳಿಗೆ ಎಂಟು ಅಂಕದ ಪ್ರಶ್ನೆ ಹೇಳಿ ಮಾಡಿಸಿದಂತಿದೆ. ಪಠ್ಯದಲ್ಲಿ ಸಿಬ್ಬಂದಿ ಪ್ರಕ್ರಿಯೆಯ ಹಂತ ಎಂಟು, ಆಯ್ಕೆಯ ಹಂತ ಎಂಟು, ಹಣಕಾಸೇತರ ಪ್ರೋತ್ಸಾಹಕಗಳೂ (ನೌಕರರನ್ನು ಹುರಿದುಂಬಿಸಲು ಹಣವಲ್ಲದೆ ಕೊಡುವಂಥವು) ಎಂಟು. ಹಣಕಾಸಿನ ಪ್ರೋತ್ಸಾಹಕ ಮಾತ್ರ ಏಳು. ಎಂಟನೆಯದನ್ನು ಹುಟ್ಟಿಸಲು ಹುಡುಗರು ಭವಿಷ್ಯನಿಧಿ ಒಂದು, ಪಿಂಚಣಿ ಒಂದು ಅಂತ ಒಡೆದು ಬರೆಯುತ್ತಾರೆ. ಎರಡೂ ನಿವೃತ್ತಿ ಸೌಲಭ್ಯದಲ್ಲೇ ಬರುವುದರಿಂದ ಎರಡಕ್ಕೂ ಕೂಡಿ ಒಂದೇ ಅಂಕ.

ಆಯ್ಕೆಯ ಹಂತಗಳಲ್ಲಿ ಕ್ರಮವೇ ಮುಖ್ಯ: ಪ್ರಾಥಮಿಕ ಪರಿಶೀಲನೆ, ಆಯ್ಕೆ ಪರೀಕ್ಷೆ, ಸಂದರ್ಶನ, ಹಿನ್ನೆಲೆಯ ವಿಚಾರಣೆ, ಆಯ್ಕೆಯ ನಿರ್ಧಾರ, ವೈದ್ಯಕೀಯ ತಪಾಸಣೆ, ಕೆಲಸಕ್ಕೆ ಆಹ್ವಾನ, ಉದ್ಯೋಗ ಒಪ್ಪಂದ. ಬಹಳಷ್ಟು ಜನ ವೈದ್ಯಕೀಯ ತಪಾಸಣೆಯನ್ನು ಸಂದರ್ಶನದ ಬೆನ್ನಿಗೆ ಹಾಕುತ್ತಾರೆ. ಅದು ಖರ್ಚಿನ ಕೆಲಸ. ಸಂದರ್ಶನಕ್ಕೆ ಬಂದ ಎಲ್ಲರಿಗೂ ಮಾಡಿಸುವುದಲ್ಲ, ಆಯ್ಕೆ ಅಂತ ನಿಕ್ಕಿಯಾದವರಿಗೆ ಮಾತ್ರ. ಅದರಲ್ಲಿ ಪಾಸಾದರೇ ಆಹ್ವಾನ ಪತ್ರ. ಕಾರಣ ಗೊತ್ತಿದ್ದವರಿಗೆ ಕ್ರಮ ಮರೆಯುವುದಿಲ್ಲ.

ಪರೀಕ್ಷೆಗಳ ಪೈಕಿ ವೃತ್ತಿ ಪರೀಕ್ಷೆ, ಅಭಿಸಾಮರ್ಥ್ಯ ಪರೀಕ್ಷೆಗಳನ್ನು ಒಂದೇ ಅಂದುಕೊಳ್ಳುವವರೂ ಇದ್ದಾರೆ. ಡ್ರೈವರ್ ಹುದ್ದೆಗೆ ಬಂದವನಿಗೆ ಬಸ್ಸು ಓಡಿಸಿ ತೋರಿಸು ಅನ್ನುವುದು ವೃತ್ತಿ ಪರೀಕ್ಷೆ. ಕೌಶಲ ಈಗ ಇದೆಯೇ ಅನ್ನುವುದು ಅಲ್ಲಿಯ ಪ್ರಶ್ನೆ. ಕಲಿಸಿದರೆ ಮುಂದೆ ಬಂದೀತೇ ಅನ್ನುವುದು ಅಭಿಸಾಮರ್ಥ್ಯದ ಪ್ರಶ್ನೆ.

ತರಬೇತಿಗೂ ಒಂದೇ ಪ್ರಶ್ನೆ ಸಾಕು: ಕೆಲಸ ನಡೆಯುವ ಜಾಗದಲ್ಲೋ, ಹೊರಗೋ? ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಐಟಿಐ ಮುಗಿಸಿ ಸೇರುವ ಅಪ್ರೆಂಟಿಸ್ ಹುಡುಗ ಗಾಡಿ ರಿಪೇರಿ ಮಾಡುತ್ತಲೇ ಕಲಿಯುತ್ತಾನೆ. ಅದು ಕೆಲಸದ ಮೇಲಿನ ತರಬೇತಿ. ವೆಸ್ಟಿಬ್ಯೂಲ್ ತರಬೇತಿ ಇಲ್ಲಿ ಎಲ್ಲರನ್ನೂ ಮೋಸಗೊಳಿಸುತ್ತದೆ. ಯಂತ್ರ ಅದೇ, ಸಲಕರಣೆ ಅದೇ, ಆದರೆ ಅವನ್ನು ಬೇರೆ ಕೋಣೆಯಲ್ಲಿ ಹಾಕಿರುತ್ತಾರೆ, ಕೈ ತಪ್ಪಿದರೆ ಉತ್ಪಾದನೆಗೆ ಪೆಟ್ಟಿಲ್ಲ. ಯಂತ್ರ ನೋಡಿ ಉತ್ತರ ಬರೆದವರು ತಪ್ಪುತ್ತಾರೆ, ಜಾಗ ನೋಡಿ ಬರೆದವರು ತಪ್ಪುವುದಿಲ್ಲ: ಅದು ಕೆಲಸದಾಚೆಯ ತರಬೇತಿ.

ಕೆಲಸದ ಸರದಿ ಮತ್ತು ಕೆಲಸದ ಸಮೃದ್ಧೀಕರಣಕ್ಕೆ ಗದುಗಿನ ಪ್ರೆಸ್ಸುಗಳಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಆ ಊರನ್ನು ಮುದ್ರಣ ಕಾಶಿ ಅಂತ ಸುಮ್ಮನೆ ಕರೆದಿಲ್ಲ. ಹೊಸ ಹುಡುಗನನ್ನು ಒಂದು ತಿಂಗಳು ಪ್ಲೇಟ್ ವಿಭಾಗ, ಒಂದು ತಿಂಗಳು ಆಫ್‌ಸೆಟ್ ಯಂತ್ರ, ಮತ್ತೊಂದು ತಿಂಗಳು ಬೈಂಡಿಂಗ್ ಅಂತ ತಿರುಗಿಸಿದರೆ ಸರದಿ. ಯಂತ್ರದ ಮೇಲಿನ ಹಳೆಯ ಕೆಲಸಗಾರನಿಗೆ ‘ಹಾಳೆ ಎಣಿಸಿ ಕಟ್ಟು ಕಟ್ಟುವುದನ್ನೂ ನೀನೇ ಮಾಡು’ ಅಂದರೆ ಕೆಲಸ ಹೆಚ್ಚಿತು, ಸಮೃದ್ಧವಾಗಲಿಲ್ಲ. ‘ನಾಲ್ಕು ಬಣ್ಣದ ಹೊಂದಾಣಿಕೆ ನೀನೇ ನೋಡು, ಮೆಜೆಂಟಾ ಕೂದಲೆಳೆ ಸರಿದಿದ್ದರೆ ಯಂತ್ರ ನಿಲ್ಲಿಸು, ಯಾರನ್ನೂ ಕೇಳಬೇಡ’ ಅಂದರೆ ಅದು ಸಮೃದ್ಧೀಕರಣ. ನಿರ್ಧರಿಸುವ ಅಧಿಕಾರ ಅವನ ಕೈಗೆ ಬಂತು. ಉತ್ತರದಲ್ಲಿ ಸ್ವಾತಂತ್ರ್ಯ, ಹೊಣೆ ಅನ್ನುವ ಎರಡು ಮಾತು ಇಲ್ಲದಿದ್ದರೆ ಅಂಕ ಕೊಡಲು ತಿದ್ದುವವರಿಗೂ ದಾರಿ ಇರುವುದಿಲ್ಲ.

ಇನ್ನು ಮಾಸ್ಲೋ. ಅಬ್ರಹಾಂ ಮಾಸ್ಲೋ ತನ್ನ ಸಿದ್ಧಾಂತವನ್ನು ಪ್ರಕಟಿಸಿದ್ದು 1943ರಲ್ಲಿ. ಹುಡುಗರು ಮೊದಲು ಬಿಡಿಸುವ ಪಿರಮಿಡ್ ಚಿತ್ರ ಆ ಲೇಖನದಲ್ಲಿ ಇಲ್ಲವೇ ಇಲ್ಲ, ಆಮೇಲೆ ಬೇರೆಯವರು ಹಾಕಿದ್ದು. ಚಿತ್ರ ಬಿಡಿಸಬೇಡಿ ಅಂತಲ್ಲ. ಸ್ಕೇಲು, ಬಣ್ಣದ ಪೆನ್ಸಿಲ್ ಹಿಡಿದು ಹತ್ತು ನಿಮಿಷ ಕಳೆಯುವುದು ಬೇಡ. ಅಂಕ ಇರುವುದು ಐದು ಅಗತ್ಯಗಳಿಗೆ, ಮತ್ತು ಅವುಗಳ ಕೆಳಗೆ ಬರೆಯುವ ಸಂಸ್ಥೆಯ ಉದಾಹರಣೆಗೆ. ಮೂಲಭೂತ ದೈಹಿಕ ಅಗತ್ಯಕ್ಕೆ ‘ಅನ್ನ, ಬಟ್ಟೆ, ಮನೆ’ ಅಂತಷ್ಟೇ ಬರೆದು ಮುಂದೆ ಹೋಗುತ್ತಾರೆ. ಅವನ್ನು ಸಂಸ್ಥೆ ಪೂರೈಸುವುದು ಮೂಲವೇತನದ ಮೂಲಕ, ಅದನ್ನು ಬರೆಯಬೇಕು. ಪಗಾರವೇ ಎರಡನೆಯ ಮೆಟ್ಟಿಲಿನಲ್ಲೂ ಬರುತ್ತದೆ, ಆದರೆ ಬೇರೆ ಮುಖದಲ್ಲಿ. ತಿಂಗಳು ತಿಂಗಳು ತಪ್ಪದೆ ಬರುವ ಭರವಸೆ, ಕೆಲಸದ ಭದ್ರತೆ, ಪಿಂಚಣಿ ಇವು ಸುರಕ್ಷತೆ. ಎಷ್ಟು ಸಿಗುತ್ತದೆ ಅನ್ನುವುದು ಮೊದಲನೆಯದು, ನಾಳೆಯೂ ಸಿಗುತ್ತದೆಯೇ ಅನ್ನುವುದು ಎರಡನೆಯದು. ಮೂರನೆಯದು ಒಡನಾಟ, ಸ್ನೇಹ, ‘ಇವರು ನನ್ನವರು’ ಅನ್ನುವ ಭಾವ. ನಾಲ್ಕು, ಗೌರವ: ಹುದ್ದೆಯ ಹೆಸರು, ಮನ್ನಣೆ, ಸ್ಥಾನಮಾನ. ಐದು, ಆತ್ಮಸಾಕ್ಷಾತ್ಕಾರ. ಇಲ್ಲಿ ಕೆಲವರು ಧ್ಯಾನ, ಮೋಕ್ಷದವರೆಗೂ ಹೋಗಿಬಿಡುತ್ತಾರೆ. ತನ್ನಿಂದ ಏನಾಗಬಲ್ಲದೋ ಅದಾಗುವುದು, ಬೆಳವಣಿಗೆ, ಗುರಿ ಸಾಧನೆ, ಇಷ್ಟೇ ಅದರ ಅರ್ಥ.

ಐದು ಅಂಕದ ಪ್ರಾಯೋಗಿಕ ಪ್ರಶ್ನೆಯಲ್ಲಿ ಇದನ್ನು ಕಥೆ ಮಾಡಿ ಕೇಳಬಹುದು. ರಾಣೆಬೆನ್ನೂರಿನ ಬೀಜದ ಕಂಪನಿ, ಪಗಾರ ಚಲೋ, ನೌಕರಿ ಕಾಯಂ, ಆದರೆ ಹೊಸಬ ಊಟದ ಹೊತ್ತಿಗೆ ಒಬ್ಬನೇ ಮೂಲೆಯಲ್ಲಿ ಕೂರುತ್ತಾನೆ. ಮುಂದಿನ ವರ್ಷ ಮೇಲ್ವಿಚಾರಕನಾಗುವ ಆಸೆಯೂ ಇದೆ. ಯಾವ ಅಗತ್ಯ? ‘ಆಸೆ’ ಕಂಡ ಕೂಡಲೇ ಗೌರವ ಅಂತ ಬರೆಯುವವರೇ ಹೆಚ್ಚು. ಕೆಳಗಿನಿಂದ ಒಂದೊಂದೇ ಹೊಡೆದು ಹಾಕುತ್ತಾ ಬನ್ನಿ: ಪಗಾರ ಇದೆ, ಭದ್ರತೆ ಇದೆ, ಒಡನಾಟ ಇಲ್ಲ. ಅಲ್ಲೇ ನಿಲ್ಲಿ. ಪೂರೈಸದ ಅಗತ್ಯಗಳಲ್ಲಿ ಎಲ್ಲಕ್ಕಿಂತ ಕೆಳಗಿನದೇ ಉತ್ತರ. ಪೂರೈಸಿದ ಅಗತ್ಯ ಮುಂದೆ ಪ್ರೇರಣೆ ಕೊಡುವುದಿಲ್ಲ, ಕೆಳಗಿನದು ಪೂರೈಸಿದ ಮೇಲೆಯೇ ಮೇಲಿನದು ಎಂಬ ಎರಡು ಗ್ರಹಿಕೆಗಳನ್ನು ಕಾರಣವಾಗಿ ಬರೆಯಿರಿ. ಮಾಸ್ಲೋ ತಾನೇ ಇಷ್ಟು ಬಿಗಿಯಾಗಿ ಹೇಳಿರಲಿಲ್ಲ ಅನ್ನುವುದು ಬೇರೆ ಮಾತು. ಸಾಮಾನ್ಯ ಮನುಷ್ಯನಲ್ಲಿ ದೈಹಿಕ ಅಗತ್ಯ ಶೇ 85, ಸುರಕ್ಷತೆ 70, ಪ್ರೀತಿ (ಒಡನಾಟ) 50, ಗೌರವ 40, ಆತ್ಮಸಾಕ್ಷಾತ್ಕಾರ 10ರಷ್ಟು ಪೂರೈಸಿರಬಹುದು ಅಂತ ಬರೀ ತಿಳಿಯಲೆಂದು ಅಂಕಿ ಕೊಟ್ಟಿದ್ದ. ಪಿಯು ಉತ್ತರದಲ್ಲಿ ಪಠ್ಯದ ಗ್ರಹಿಕೆಯನ್ನೇ ಬರೆಯುವುದು ಲೇಸು. ಪದವಿಯಲ್ಲಿ ಟೀಕೆ ಕೇಳಿದರೆ ಈ ಅಂಕಿ ಕೆಲಸಕ್ಕೆ ಬರುತ್ತವೆ.

ಲೆಕ್ಕ ಇರುವ ಪ್ರೋತ್ಸಾಹಕ ಅಂದರೆ ವೈಜ್ಞಾನಿಕ ನಿರ್ವಹಣೆಯ ಪ್ರತಿಪಾದಕ ಟೇಲರನ ಭಿನ್ನ ಕೂಲಿದರ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಅದನ್ನೇ ಇಟ್ಟುಕೊಂಡು ಮಾನಕ (ದಿನಕ್ಕೆ ಮುಟ್ಟಬೇಕಾದ ಪ್ರಮಾಣ) 20 ಕಿಲೋ, ಮುಟ್ಟಿದವರಿಗೆ ಕಿಲೋಗೆ ₹15, ಮುಟ್ಟದವರಿಗೆ ₹12 ಅಂತ ಊಹಿಸಿ. 21 ಕಿಲೋ ಬಿಡಿಸಿದವಳಿಗೆ ₹315, 19 ಬಿಡಿಸಿದವಳಿಗೆ ₹228. ಎರಡು ಕಿಲೋ ಅಂತರಕ್ಕೆ ₹87. ಎಲ್ಲರಿಗೂ ₹15 ಇದ್ದಿದ್ದರೆ ಅಂತರ ಬರೀ ₹30. ಟೇಲರ್ ಎರಡು ದರ ಇಟ್ಟದ್ದು ಈ ಅಂತರ ಹಿಗ್ಗಲಿ ಅಂತಲೇ. ಹುಡುಗರು ಕರೆಂಟ್ ಬಿಲ್ಲಿನ ಸ್ಲ್ಯಾಬಿನಂತೆ ಮೊದಲ 20 ಕಿಲೋಗೆ ₹12, ಮೇಲಿನ ಒಂದಕ್ಕೆ ₹15 ಹಾಕಿ ₹255 ತೆಗೆಯುತ್ತಾರೆ. ತಪ್ಪು. ಮಾನಕ ಮುಟ್ಟಿದ ಕೂಡಲೇ ಮೊದಲ ಕಿಲೋದಿಂದಲೇ ಮೇಲಿನ ದರ.

ಭತ್ಯೆ ಕೈಗೆ ಬರುವ ಹಣ, ಸವಲತ್ತು ವಸ್ತುವಾಗಿ ಬರುವುದು: ಮನೆ ಬಾಡಿಗೆ ಭತ್ಯೆ ಮೊದಲನೆಯದು, ರೈಲ್ವೆ ಕ್ವಾರ್ಟರ್ಸ್ ಎರಡನೆಯದು. ಬೋನಸ್ ಕಾನೂನಿನಲ್ಲಿ ವರ್ಷದ ಪಗಾರದ ಕನಿಷ್ಠ ಶೇ 8.33, ಗರಿಷ್ಠ ಶೇ 20; 8.33 ಅಂದರೆ ಹನ್ನೆರಡರಲ್ಲಿ ಒಂದು ಭಾಗ, ಒಂದು ತಿಂಗಳ ಪಗಾರ. ಲಾಭ ಹಂಚಿಕೆಯಲ್ಲಿ ನೌಕರನಿಗೆ ಲಾಭದ ಪಾಲು, ಸಹಭಾಗಿತ್ವದಲ್ಲಿ ಷೇರು. ಇನ್ಫೋಸಿಸ್ ನೌಕರರಿಗೆ ಷೇರು ಕೊಟ್ಟದ್ದು ಸರಿಯಾದ ಉದಾಹರಣೆ. ಗದಗ ತಾಲೂಕಿನ ಕಣಗಿನಹಾಳದ 1905ರ ಸಹಕಾರ ಸಂಘವನ್ನು ಇಲ್ಲಿ ತಂದರೆ ಊರ ಅಭಿಮಾನ ಮೆಚ್ಚಬಹುದು, ಅಂಕ ಕೊಡಲಾಗದು. ಅಲ್ಲಿ ಷೇರು ಸದಸ್ಯ ರೈತರದು, ನೌಕರರದಲ್ಲ.

ಬಿ.ಕಾಂ. ಹುಡುಗರಿಗೆ ಅಭಿಪ್ರೇರಣೆಯ ಇನ್ನಿಬ್ಬರು ಸಿದ್ಧಾಂತಿಗಳು, ಹರ್ಜ್‌ಬರ್ಗ್, ವ್ರೂಮ್ ಸೇರಿಕೊಳ್ಳುತ್ತಾರೆ. ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರು, ಲೆಕ್ಕಿಗರನ್ನು ಮಾತಾಡಿಸಿ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದು: ಪಗಾರ, ಮೇಲ್ವಿಚಾರಣೆ, ಕೆಲಸದ ಪರಿಸರ ಕೆಟ್ಟರೆ ಅತೃಪ್ತಿ, ಸರಿಯಿದ್ದರೆ ಅತೃಪ್ತಿ ಇಲ್ಲ, ಅಷ್ಟೇ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಹೊಣೆಯಿಂದ. ‘ಒಳ್ಳೆಯ ಪಗಾರದಿಂದ ಪ್ರೇರಣೆ’ ಎಂಬ ವಾಕ್ಯ ಮಾಸ್ಲೋ ಉತ್ತರದಲ್ಲಿ ಸರಿ, ಹರ್ಜ್‌ಬರ್ಗ್ ಉತ್ತರದಲ್ಲಿ ತಪ್ಪು. ವ್ರೂಮ್ 1964ರಲ್ಲಿ ಕೊಟ್ಟ ಸೂತ್ರ ಗುಣಾಕಾರದ್ದು: ದುಡಿದರೆ ಕೆಲಸ ಆಗುತ್ತದೆ ಎಂಬ ನಂಬಿಕೆ, ಕೆಲಸ ಆದರೆ ಫಲ ಸಿಗುತ್ತದೆ ಎಂಬ ನಂಬಿಕೆ, ಆ ಫಲದ ಮೇಲಿನ ಆಸೆ. ಬಡ್ತಿ ಸೇವಾ ಹಿರಿತನದ ಮೇಲಷ್ಟೇ ಸಿಗುವ ಕಚೇರಿಯಲ್ಲಿ ನಡುವಿನದು ಸೊನ್ನೆ. ಉಳಿದೆರಡು 0.8, 0.9 ಇದ್ದರೂ 0.8×0×0.9, ಪ್ರೇರಣೆ ಸೊನ್ನೆ. ಗುಣಿಸುವ ಬದಲು ಕೂಡಿಸಿದವರಿಗೆ ಅಲ್ಲಿ 1.7 ಬರುತ್ತದೆ, ದುಡಿದರೂ ಬಡ್ತಿ ಸಿಗದು ಅಂತ ಗೊತ್ತಿರುವ ಗುಮಾಸ್ತ ಹುಮ್ಮಸ್ಸಿನಿಂದ ದುಡಿಯುತ್ತಾನೆ ಅಂತ ತೀರ್ಮಾನವನ್ನೂ ಬರೆದಿರುತ್ತಾರೆ.