ಭಾಷೆಯೇ ಬಾರದ ಕೋಚ್‌ನನ್ನು ಯಾಕೆ ಕರೆಸುತ್ತಾರೆ?

ಫುಟ್‌ಬಾಲ್ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ. ಆ ದೇಶದ ಭಾಷೆ ಬರಲ್ಲ, ಆಟಗಾರರ ಪರಿಚಯ ಇಲ್ಲ. ಅಂಥವರನ್ನು ದುಡ್ಡು ಸುರಿದು ಹೊರಗಿನಿಂದ ಕರೆಸೋದು ಯಾಕೆ? ಸ್ವಂತ ದೇಶದವರೇ ಸಾಕಲ್ವಾ?

ನಾನು ಪ್ರತಿ ಸಲ ಬೋರಾ ಮಿಲುಟಿನೊವಿಚ್ ಅವರಿಂದಲೇ ಶುರು ಮಾಡುತ್ತೇನೆ. ಸರ್ಬಿಯಾದಲ್ಲಿ ಹುಟ್ಟಿದವರು. ಐದು ವಿಶ್ವಕಪ್‌ಗಳಿಗೆ ಐದು ಬೇರೆ ಬೇರೆ ದೇಶಗಳ ಕೋಚ್ ಆಗಿ ಹೋದವರು. 1986ರಲ್ಲಿ ಮೆಕ್ಸಿಕೊ, 1990ರಲ್ಲಿ ಕೋಸ್ಟರಿಕಾ, 1994ರಲ್ಲಿ ಅಮೆರಿಕ, 1998ರಲ್ಲಿ ನೈಜೀರಿಯಾ, 2002ರಲ್ಲಿ ಚೀನಾ. ಮೊದಲ ನಾಲ್ಕೂ ತಂಡಗಳು ಗುಂಪು ಹಂತ ದಾಟಿದವು.

ಇವುಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಕೋಸ್ಟರಿಕಾದ ಕಥೆ. ಆ ದೇಶಕ್ಕೆ ಅದು ಮೊದಲ ವಿಶ್ವಕಪ್. ಬೋರಾ ಬಂದಾಗ ಟೂರ್ನಿಗೆ ಕೆಲವೇ ತಿಂಗಳು ಬಾಕಿ. ಬಂದವರೇ ಹೆಸರು ಮಾಡಿದ್ದ ಕೆಲವು ಹಳಬರನ್ನು ಕೈಬಿಟ್ಟರು. ಇದೇ ಕೆಲಸವನ್ನು ಅಲ್ಲಿಯವರೇ ಆದ ಕೋಚ್ ಮಾಡಬೇಕಿದ್ದರೆ? ಒಬ್ಬ ಹಳೇ ಜೊತೆಗಾರ, ಇನ್ನೊಬ್ಬ ಸ್ವಂತ ಕ್ಲಬ್ಬಿನ ಹುಡುಗ. ನಾಳೆ ಅದೇ ಜನರ ಮುಖ ನೋಡಬೇಕು. ಹೊರಗಿನಿಂದ ಬಂದವರಿಗೆ ಯಾರ ಹಂಗೂ ಇರಲ್ಲ. ನನ್ನ ಉತ್ತರದ ತಿರುಳು ಇಷ್ಟೇ.

ಆ ತಂಡ ಸ್ಕಾಟ್ಲೆಂಡನ್ನು 1-0ಯಿಂದ, ಸ್ವೀಡನ್ನನ್ನು 2-1ರಿಂದ ಸೋಲಿಸಿತು. ನಡುವೆ ಇಟಲಿಯ ಟ್ಯೂರಿನ್‌ನಲ್ಲಿ ಬ್ರೆಜಿಲ್ ಜೊತೆ ಪಂದ್ಯ. ಅವತ್ತು ಕೋಸ್ಟರಿಕಾ ಆಟಗಾರರು ಕಪ್ಪು-ಬಿಳುಪು ಪಟ್ಟೆಯ ಅಂಗಿ ಹಾಕಿಕೊಂಡು ಇಳಿದರು. ಅದೇ ಊರಿನ ಯುವೆಂಟಸ್ ಕ್ಲಬ್ಬಿನ ಬಣ್ಣ ಅದು! ಸೋತದ್ದು ಬರೀ ಒಂದು ಗೋಲಿನಿಂದ.

ದಕ್ಷಿಣ ಕೊರಿಯಾಗೆ ಹೋದ ಡಚ್ ಕೋಚ್ ಗುಸ್ ಹಿಡಿಂಕ್ ಕೈಹಾಕಿದ್ದು ಇನ್ನೂ ಸೂಕ್ಷ್ಮವಾದ ಜಾಗಕ್ಕೆ. ಅಲ್ಲಿ ಕಿರಿಯರು ಹಿರಿಯರನ್ನು ಬರೀ ಹೆಸರಿನಿಂದ ಕರೆಯುವ ಹಾಗಿಲ್ಲ. ಮೈದಾನದಲ್ಲೂ ಹಾಗೇ ನಡೆಯುತ್ತಿತ್ತು. ಗೌರವದ ಪದ ಸೇರಿಸಿ ಕೂಗುವಷ್ಟರಲ್ಲಿ ಎದುರಾಳಿ ಚೆಂಡಿನ ಹತ್ತಿರ ಬಂದುಬಿಟ್ಟಿರುತ್ತಾನೆ. ಹೆಸರು ಹಿಡಿದೇ ಕೂಗಿ ಅಂದರು ಹಿಡಿಂಕ್. ಊಟಕ್ಕೂ ಎಲ್ಲರನ್ನೂ ಕಲೆಸಿ ಕೂರಿಸಿದರು. 2001ರಲ್ಲಿ ಫ್ರಾನ್ಸ್ ಮತ್ತು ಚೆಕ್ ತಂಡಗಳ ಎದುರು 0-5 ಸೋಲು ಬಂದಾಗ ಅಲ್ಲಿನ ಪತ್ರಿಕೆಗಳು ಅವರನ್ನು ಸುಮ್ನೆ ಬಿಡಲಿಲ್ಲ. ಮರುವರ್ಷದ ವಿಶ್ವಕಪ್‌ನಲ್ಲಿ ಅದೇ ತಂಡ ಪೋರ್ಚುಗಲ್, ಇಟಲಿ, ಸ್ಪೇನ್ ತಂಡಗಳನ್ನು ಮಣಿಸಿ ಸೆಮಿಫೈನಲ್ ತಲುಪಿತು.

ಇನ್ನು ಭಾಷೆ. ಬೋರಾ ಚೀನಾದಲ್ಲಿ ಅಭ್ಯಾಸಕ್ಕೆ ನೆಟ್ ಕಟ್ಟಿಸುತ್ತಿದ್ದರು. ಟೆನಿಸ್ ಥರಾನೇ, ಆದರೆ ರಾಕೆಟ್ ಇಲ್ಲ. ಕಾಲು, ಎದೆ, ತಲೆಯಿಂದಲೇ ಚೆಂಡನ್ನು ಆಚೆ ದಾಟಿಸಬೇಕು. ಇದಕ್ಕೆ ವಿವರಣೆ ಬೇಕಿಲ್ಲ. ಒಂದು ಸಲ ಆಡಿ ತೋರಿಸಿದರೆ ಸಾಕು, ಆಟಗಾರರ ಬಿಗಿ ಸಡಿಲವಾಗುತ್ತದೆ. ಇದೆಂಥ ತರಬೇತಿ ಅಂತ ಬೈದವರೂ ಇದ್ದರು. 2001ರ ಅಕ್ಟೋಬರ್ 7ರಂದು ಒಮಾನ್ ತಂಡವನ್ನು 1-0ಯಿಂದ ಸೋಲಿಸಿ ಚೀನಾ ಮೊದಲ ಬಾರಿ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ಕೇಳುವವರ ಅನುಮಾನದಲ್ಲೂ ನ್ಯಾಯ ಇದೆ. 2022ರವರೆಗೆ ಪುರುಷರ ವಿಶ್ವಕಪ್ ಗೆದ್ದ ಒಂದು ತಂಡಕ್ಕೂ ಹೊರದೇಶದ ಕೋಚ್ ಇರಲಿಲ್ಲ. ಯಾರ ಹಂಗೂ ಇಲ್ಲದವರ ಪರವಾಗಿ ನಿಲ್ಲೋರೂ ಇರಲ್ಲ. ಕಾರ್ಲೋಸ್ ಆಲ್ಬರ್ಟೊ ಪರೇರಾ 1994ರಲ್ಲಿ ತಮ್ಮ ಬ್ರೆಜಿಲ್‌ಗೆ ಕಪ್ ಗೆದ್ದುಕೊಟ್ಟವರು. 1998ರಲ್ಲಿ ಸೌದಿ ಅರೇಬಿಯಾ ಎರಡು ಪಂದ್ಯ ಸೋತ ಕೂಡಲೇ ಅವರನ್ನು ಟೂರ್ನಿಯ ಮಧ್ಯದಲ್ಲೇ ತೆಗೆದುಹಾಕಿತು. ಮೂರನೇ ಪಂದ್ಯಕ್ಕೂ ಕಾಯಲಿಲ್ಲ.

ಬೋರಾಗೆ ಚೀನಾ ತಂಡದ ಜೊತೆ 2002ರ ವಿಶ್ವಕಪ್‌ನಲ್ಲಿ ಕೊನೆಗೆ ಸಿಕ್ಕಿದ್ದೂ ಮೂರು ಸೋಲು. ತಂಡ ಒಂದೂ ಗೋಲು ಹೊಡೆಯಲಿಲ್ಲ. ಅದರಲ್ಲಿ ಮೊದಲ ಪಂದ್ಯ ಯಾರ ಜೊತೆ ಗೊತ್ತಾ? ಕೋಸ್ಟರಿಕಾ. ಆ ಕಡೆ ಕೋಚ್ ಆಗಿದ್ದವರು ಅಲೆಕ್ಸಾಂಡ್ರೆ ಗಿಮರೇಸ್. ಬ್ರೆಜಿಲ್‌ನಲ್ಲಿ ಹುಟ್ಟಿ, 1990ರಲ್ಲಿ ಬೋರಾ ಕೈಕೆಳಗೆ ಕೋಸ್ಟರಿಕಾಗೆ ಆಡಿದ್ದವರು. ಶಿಷ್ಯನ ತಂಡ 2-0ಯಿಂದ ಗೆದ್ದಿತು. ಆಮೇಲೆ ಗಿಮರೇಸ್ ಕೂಡ ದೇಶ ಬಿಟ್ಟು ಹೊರಟರು. ಪನಾಮಾದ ರಾಷ್ಟ್ರೀಯ ತಂಡ ನೋಡಿಕೊಂಡರು, 2016ರಲ್ಲಿ ಮುಂಬೈ ಸಿಟಿ ತಂಡಕ್ಕೂ ಕೋಚ್ ಆಗಿ ಬಂದರು.