ಕ್ಯಾರಿಯನ್ನು ಬೈಯಲು ಅಮ್ಮ ಬಿಡಲಿಲ್ಲ

ಹಾಸನ
ಜುಲೈ 14, 2024, ಭಾನುವಾರ

ಬೆಳಗಿನಿಂದ ಬಿಡದೆ ಸೋನೆ ಮಳೆ. ಮಧ್ಯಾಹ್ನ ಕರೆಂಟ್ ಹೋಯಿತು. ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಥಿಯೋಡರ್ ಡ್ರೈಸರ್ ಬರೆದ ‘ಸಿಸ್ಟರ್ ಕ್ಯಾರಿ’ ಮುಗಿಸಿದೆ. 1900ರಲ್ಲಿ ಬಂದ ಅಮೆರಿಕದ ಕಾದಂಬರಿ. ಹತ್ತು ದಿನ ರಾತ್ರಿ ನಿದ್ದೆ ಬಿಟ್ಟು ಓದಿದ್ದೇನೆ. ಆದರೆ ಕ್ಯಾರಿ ನನಗೆ ಒಂದು ದಿನವೂ ಇಷ್ಟವಾಗಲಿಲ್ಲ.

1889ರಲ್ಲಿ, 18ನೇ ವಯಸ್ಸಿಗೆ, ಅವಳು ಶಿಕಾಗೋದಲ್ಲಿರುವ ಅಕ್ಕನ ಮನೆಗೆ ಬರುತ್ತಾಳೆ. ಶೂ ಕಾರ್ಖಾನೆಯಲ್ಲಿ ವಾರಕ್ಕೆ ನಾಲ್ಕೂವರೆ ಡಾಲರ್ ಕೂಲಿ. ಅದರಲ್ಲಿ 4 ಡಾಲರ್ ಅಕ್ಕನ ಮನೆಯ ಊಟಕ್ಕೇ ಹೋಗುತ್ತದೆ. ಚಳಿಗೆ ಬೆಚ್ಚನೆ ಬಟ್ಟೆಯಿಲ್ಲ. ಕಾಯಿಲೆ ಬಿದ್ದರೆ ಕೆಲಸವೂ ಹೋಯಿತು. ಇಲ್ಲಿವರೆಗೆ ನಾನು ಅವಳ ಕಡೆಗೇ ಇದ್ದೆ. ಆಮೇಲೆ ಒಂದು ಸಂಜೆ ಅಕ್ಕನಿಗೆ ಚೀಟಿ ಬರೆದಿಟ್ಟು, ರೈಲಿನಲ್ಲಿ ಪರಿಚಯವಾದ ಸೇಲ್ಸ್‌ಮನ್ ಹಿಂದೆ ಹೊರಟುಬಿಡುತ್ತಾಳೆ. ನನಗೂ ಅಕ್ಕ ಇದ್ದಾಳೆ. ಇದನ್ನು ಮಾತ್ರ ಕ್ಷಮಿಸಲು ಆಗಲೇ ಇಲ್ಲ.

ನ್ಯೂಯಾರ್ಕಿಗೆ ಅವಳನ್ನು ಕರೆತರುವವನು ಬೇರೆಯವನು, ಹರ್ಸ್ಟ್‌ವುಡ್. ಕೆಲಸ ಹೋದ ಮೇಲೆ ಅವನು ಪೇಪರ್ ಓದುತ್ತಾ ಮನೆಯಲ್ಲೇ ಕೂರುತ್ತಾನೆ. ಇವಳು ಪಾತ್ರ ಕೇಳಿಕೊಂಡು ಥಿಯೇಟರ್‌ಗಳಿಗೆ ಅಲೆಯುತ್ತಾಳೆ. ಈ ಭಾಗ ಎಷ್ಟು ಚೆನ್ನಾಗಿದೆ! ಕಾಯಿಸುವವರು, ಮೇಲಿನಿಂದ ಕೆಳಗೆ ನೋಡಿ ಕಳಿಸುವವರು. ಕೊನೆಗೆ ಸಾಲಿನಲ್ಲಿ ಕುಣಿಯುವ ಹುಡುಗಿಯರ ಗುಂಪಿನಲ್ಲಿ ವಾರಕ್ಕೆ 12 ಡಾಲರ್. ಸಂಬಳ 18ಕ್ಕೆ ಏರಿದಾಗ ಮನೆಯಲ್ಲಿ ಹೇಳುವುದಿಲ್ಲ, ತನಗೆ ಬಟ್ಟೆ ಕೊಳ್ಳುತ್ತಾಳೆ. ಒಂದು ದಿನ 20 ಡಾಲರ್ ಮತ್ತು ಒಂದು ಚೀಟಿ ಇಟ್ಟು ಅವನನ್ನೂ ಬಿಟ್ಟು ಹೋಗುತ್ತಾಳೆ. ಮತ್ತೆ ಚೀಟಿ! ಮುಂದೆ ಅವಳಿಗೆ ಹೆಸರು ತಂದುಕೊಡುವುದು ಮಾತೇ ಇಲ್ಲದ ಒಂದು ಪಾತ್ರ. ಹುಬ್ಬು ಗಂಟಿಕ್ಕಿಕೊಂಡು ನಿಂತರೆ ಸಾಕು, ಜನ ಬಿದ್ದು ಬಿದ್ದು ನಗುತ್ತಾರೆ.

ಅಮ್ಮ ಹುರುಳಿಕಾಳು ಆರಿಸುತ್ತಾ ಕಥೆಯೆಲ್ಲ ಕೇಳಿದಳು. ‘ಎಂಥಾ ಸ್ವಾರ್ಥಿ ನೋಡಮ್ಮ’ ಅಂದೆ.

‘ಅವನು ಹೆಂಗೆ ಕರ್ಕೊಂಡು ಬಂದಿದ್ದು ಅವಳನ್ನ?’

ಮಾಲೀಕರ ದುಡ್ಡು ಕದ್ದು, ಹೆಂಡತಿ ಮಕ್ಕಳನ್ನು ಬಿಟ್ಟು, ಇವಳಿಗೆ ಸುಳ್ಳು ಹೇಳಿ ರೈಲು ಹತ್ತಿಸಿದ್ದ ಅಂದೆ.

‘ಮತ್ತೆ ಅವಳನ್ನ ಯಾಕೆ ಬೈತೀಯ? ನಮ್ಮೂರಿಗೆ ಬಂದಿದ್ದ ದ್ರೌಪದಿನೂ ಹಿಂಗೇ ಬೈದ್ರಿ ಎಲ್ರೂ.’

ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಊರಿನ ಗಂಡಸರು ದುಡ್ಡು ಕಟ್ಟಿ ದುರ್ಯೋಧನ, ಭೀಮ ಆಗುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ದುಡ್ಡು ಕೊಟ್ಟು ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಹಾಗೆ ಬಂದವರು ನಮ್ಮ ಮನೆಯಲ್ಲೇ ಊಟ ಮಾಡಿದ್ದರು. ಪೂರ್ತಿ ದುಡ್ಡು ಕೈಗೆ ಬರುವವರೆಗೆ ಬಣ್ಣ ಹಚ್ಚಲ್ಲ ಅಂತ ಕೂತುಬಿಟ್ಟರು. ಹಾರ್ಮೋನಿಯಂ ಮೇಷ್ಟ್ರು ಬಂದು ಕರೆದರೂ ಏಳಲಿಲ್ಲ. ಜಂಬದ ಹೆಂಗಸು ಅಂತ ಊರೆಲ್ಲ ಆಡಿಕೊಂಡಿತು. ನಾನೂ ಅಂದಿದ್ದೆ. ಅದಕ್ಕಿಂತ ಮುಂಚೆ ಇನ್ನೊಂದು ಊರಿನಲ್ಲಿ, ಬೆಳಗಿನ ಜಾವ ನಾಟಕ ಮುಗಿದ ಮೇಲೆ ಅರ್ಧ ದುಡ್ಡು ಕೊಟ್ಟು ಬಸ್ ಹತ್ತಿಸಿದ್ದರಂತೆ. ಊಟಕ್ಕೆ ಕೂತಾಗ ಅಮ್ಮನ ಹತ್ತಿರ ಹೇಳಿದ್ದರಂತೆ. ನನಗೆ ಇವತ್ತೇ ಗೊತ್ತಾಗಿದ್ದು.

ಡ್ರೈಸರ್ ಕ್ಯಾರಿಯನ್ನು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ತಪ್ಪು ಮಾಡಿದವಳಿಗೆ ಕೊನೆಗೆ ಶಿಕ್ಷೆ ಆಗಲೇಬೇಕು ಅಂತ ನಂಬಿದ್ದ ಕಾಲ ಅದು. ಪ್ರಕಾಶಕರಿಗೇ ಈ ಪುಸ್ತಕ ಬೇಡವಾಗಿತ್ತು. ಒಪ್ಪಂದ ಆಗಿದ್ದಕ್ಕೆ ಮುದ್ರಿಸಿದರು, ಪ್ರಚಾರ ಮಾಡಲಿಲ್ಲ. ಆ ಮೊದಲ ಮುದ್ರಣದಲ್ಲಿ 500 ಪ್ರತಿಯೂ ಮಾರಾಟವಾಗಲಿಲ್ಲ. ಕ್ಯಾರಿ ಕಣ್ಣೀರು ಹಾಕುವಂತೆ ಮಾಡಿ, ಪಶ್ಚಾತ್ತಾಪ ಪಡಿಸಿದ್ದರೆ ಜಾಸ್ತಿ ಮಾರಾಟ ಆಗ್ತಿತ್ತೋ ಏನೋ. ಆದರೆ ನಾನು ಹತ್ತು ದಿನ ಅವಳ ಜೊತೆ ಜಗಳ ಆಡ್ತಾ ಓದುತ್ತಿರಲಿಲ್ಲ.

ಏಳು ಗಂಟೆಗೆ ಕರೆಂಟ್ ಬಂತು. ಅಮ್ಮ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು.

‘ಆ ಅಕ್ಕ ಏನಾದ್ಲು ಆಮೇಲೆ?’

ಅದು ಪುಸ್ತಕದಲ್ಲಿ ಇಲ್ಲ ಅಂದೆ.